ಮೇ ತಿಂಗಳಲ್ಲಿ ಕುದಿದ ಇಂಜಿನ್, ಡಿಸೆಂಬರ್‌ನಲ್ಲೇ ಶುರುವಾಗಿದ್ದ ತೊಂದರೆ

ಕಲಬುರಗಿಯ ಒಂದು ಬಾಡಿಗೆ ಕಾರಿನ ಪ್ರಕರಣ ಇದು. 1.3 ಲೀಟರ್ ಡೀಸೆಲ್ ಸೆಡಾನ್, ಯೆಲ್ಲೋ ಬೋರ್ಡ್, ಎರಡು ಲಕ್ಷ ಕಿಲೋಮೀಟರ್ ದಾಟಿತ್ತು. ಓಡಿಸುವವರೇ ಮಾಲೀಕರು. ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುವ ಮನುಷ್ಯ. ಆಯಿಲ್ ಬದಲಿಸುವುದನ್ನು ಮುಂದೆ ಹಾಕಿದವರಲ್ಲ, ಟೈರಿನ ಗಾಳಿ ತಪ್ಪದೆ ನೋಡುವವರು. ಅಂಥವರ ಗಾಡಿಯೇ ಮೇ ತಿಂಗಳ ಒಂದು ಮಧ್ಯಾಹ್ನ ಜೇವರ್ಗಿ ದಾಟಿದ ಮೇಲೆ ಕುದಿದು ನಿಂತಿತು. ಮರುದಿನ ಟೋ ಮಾಡಿಸಿಕೊಂಡು ನಮ್ಮ ವರ್ಕ್‌ಶಾಪಿಗೆ ತಂದರು. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾಯಿತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. ಆ ಗಾಡಿಯಲ್ಲಿದ್ದ ದೋಷಗಳು ಒಂದೊಂದಾಗಿ ನೋಡಿದರೆ ಚಿಕ್ಕವು. ಎಲ್ಲದಕ್ಕೂ ಮೊದಲೇ ಸೂಚನೆ ಸಿಕ್ಕಿತ್ತು. ಮಾಲೀಕರು ಆ ಸೂಚನೆಗಳನ್ನು ಗಮನಿಸಿಯೂ ಇದ್ದರು. ಆದರೆ ಒಂದೊಂದಕ್ಕೂ ಬೇರೆಯೇ ಅರ್ಥ ಹಚ್ಚಿದ್ದರು. ನಮ್ಮ ಭಾಗದಲ್ಲಿ ಪ್ರತಿ ಬೇಸಿಗೆ ಇದೇ ರೀತಿ ಇಂಜಿನ್‌ಗಳು ಹಾಳಾಗುತ್ತಿವೆ. ಹಾಗಾಗಿ ಆ ಸೂಚನೆಗಳನ್ನು ಸರಿಯಾಗಿ ಓದುವುದು ಹೇಗೆ ಅನ್ನುವುದೇ ಇಲ್ಲಿ ಮುಖ್ಯ.

ಆ ದಿನ ರಸ್ತೆಯಲ್ಲಿ ಆದದ್ದು

ಮದುವೆಗೆ ಹೊರಟ ಬಾಡಿಗೆ. ಡ್ರೈವರ್ ಸೇರಿ ಐದು ಜನ, ಡಿಕ್ಕಿ ತುಂಬ ಲಗೇಜು. ಕಲಬುರಗಿಯಿಂದ ಜೇವರ್ಗಿ ಮೇಲೆ ಶಹಾಪುರಕ್ಕೆ ಹೋಗಬೇಕು. ಮಧ್ಯಾಹ್ನದ ಹೊತ್ತು, ಹೊರಗೆ 43 ಡಿಗ್ರಿ. ಎಸಿ ಫುಲ್. ಊರು ಬಿಡುವಷ್ಟರಲ್ಲಿ ಟ್ರಾಫಿಕ್‌ನಲ್ಲಿ ಎಸಿ ಬಿಸಿ ಗಾಳಿ ಬಿಡುತ್ತಿತ್ತು. ಹೈವೇಗೆ ಬಿದ್ದ ಮೇಲೆ ತಂಪಾಯಿತು. ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟುವವರೆಗೂ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇತ್ತು.

ಜೇವರ್ಗಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಸಿ ತಾನಾಗಿಯೇ ತಂಪು ಕೊಡುವುದು ನಿಲ್ಲಿಸಿತು. ನೋಡಿದರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ. ಇಂಜಿನ್ ವಿಪರೀತ ಬಿಸಿಯಾದಾಗ ಈಗಿನ ಗಾಡಿಗಳ ಕಂಪ್ಯೂಟರ್ ಎಸಿ ಕಂಪ್ರೆಸರನ್ನು ಕತ್ತರಿಸುತ್ತದೆ. ಇಂಜಿನ್ ಮೇಲಿನ ಹೊರೆ ಇಳಿಸಲು ಮಾಡಿದ ವ್ಯವಸ್ಥೆ ಅದು. ಇವರು ಎಸಿ ಕೆಟ್ಟಿತು ಅಂದುಕೊಂಡರು. ಮುಂದೆ ಒಂದು ಹೋಟೆಲ್ ಇದೆ, ಅಲ್ಲಿ ನಿಲ್ಲಿಸೋಣ ಅಂತ ಹೊರಟರು.

ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ಸರ್ರನೆ ಕೆಳಗೆ ಬಂತು.

"ಮುಳ್ಳು ಕೆಳಗ ಬಂತ್ರೀ. ಗಾಳಿ ಬಡಿದು ತಂಪಾತು ಅನ್ಕೊಂಡೆ. ಅದಕ್ಕ ಹೋಟೆಲ್ ಹತ್ರ ನಿಲ್ಲಿಸ್ಲಿಲ್ಲ, ಹಂಗೇ ಹೊಡದೆ," ಅಂದರು ಅವರು.

ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ತಪ್ಪು ತಿಳಿವಳಿಕೆ ಇದೇ. ಟೆಂಪರೇಚರ್ ಸೆನ್ಸರ್ ಕಬ್ಬಿಣದ ಬಿಸಿಯನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತ ಇರುವ ನೀರಿನ ಬಿಸಿಯನ್ನು ಅಳೆಯುತ್ತದೆ. ನೀರು ಸೋರಿ, ಕುದಿದು ಹೊರಗೆ ಹೋದ ಮೇಲೆ ಸೆನ್ಸರ್ ಖಾಲಿ ಜಾಗದಲ್ಲಿ ಉಳಿಯುತ್ತದೆ. ಆಗ ಅದು ತೋರಿಸುವ ಲೆಕ್ಕಕ್ಕೆ ಅರ್ಥವೇ ಇಲ್ಲ. ಮುಳ್ಳು ಇಳಿದಾಗ ಇಂಜಿನ್ ತಣ್ಣಗಾಗಿರಲಿಲ್ಲ. ಅದರೊಳಗೆ ತಣ್ಣಗೆ ಮಾಡುವ ನೀರೇ ಉಳಿದಿರಲಿಲ್ಲ. ಕೆಂಪಿಗೆ ಹೋದ ಮುಳ್ಳು ಗಾಡಿ ಓಡುತ್ತಿರುವಾಗಲೇ ಕಾರಣವಿಲ್ಲದೆ ಇಳಿದರೆ ಅದು ಮೇಲಿದ್ದದ್ದಕ್ಕಿಂತ ಕೆಟ್ಟ ಸುದ್ದಿ. ಆಗ ಹೀಟರ್ ಹಾಕಿ ನೋಡಿ. ಬಿಸಿ ಗಾಳಿ ಬರಬೇಕಾದಲ್ಲಿ ತಣ್ಣನೆ ಗಾಳಿ ಬಂದರೆ ನೀರು ಹೋಗಿದೆ ಅಂತಲೇ ಲೆಕ್ಕ. ಆ ಕ್ಷಣವೇ ಪಕ್ಕಕ್ಕೆ ತೆಗೆದು ಇಂಜಿನ್ ಬಂದ್ ಮಾಡಬೇಕು.

ಮುಂದೆ ಪಿಕಪ್ ಬಿತ್ತು, ಟಕಟಕ ಸದ್ದು ಬಂತು, ಬಾನೆಟ್ ಸಂದಿಯಿಂದ ಹಬೆ ಬಂತು. ನಿಲ್ಲಿಸಿದರು. ಇಂಜಿನ್ ತಣಿಸುವ ನೀರು ತುಂಬುವ ಬಾಟಲಿಯ ಕ್ಯಾಪಿಗೆ ತಕ್ಷಣ ಕೈ ಹಾಕಲಿಲ್ಲ, ಅದೊಂದು ಪುಣ್ಯ. ಒತ್ತಡದಲ್ಲಿರುವ ನೀರು 110, 115 ಡಿಗ್ರಿಯಲ್ಲೂ ಕುದಿಯದೆ ಇರುತ್ತದೆ. ಕ್ಯಾಪ್ ತಿರುವಿದ ಕೂಡಲೇ ಒತ್ತಡ ಹೋಗಿ ಒಂದೇ ಏಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆದರೂ ಅಷ್ಟೇ. ಆದರೆ ಸ್ವಲ್ಪ ಹೊತ್ತಾದ ಮೇಲೆ, ಇಂಜಿನ್ ಇನ್ನೂ ಸುಡುತ್ತಿರುವಾಗಲೇ, ಪಕ್ಕದ ಹೊಲದ ಬೋರಿನಿಂದ ಕೊಡದಲ್ಲಿ ನೀರು ತಂದು ತುಂಬಿದರು. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಜಾಸ್ತಿ ಹಿಗ್ಗುತ್ತದೆ. ಹಾಗೆ ಹಿಗ್ಗಿ ನಿಂತ ಹೆಡ್ಡಿಗೆ ಒಮ್ಮೆಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಗಾಡಿ ಹೇಗೋ ಸ್ಟಾರ್ಟ್ ಆಯಿತು, ನಿಧಾನವಾಗಿ ಶಹಾಪುರ ಮುಟ್ಟಿತು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡಿತು. ಆದ ಮೇಲೆ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ.

ನಮಗೆ ಸಿಕ್ಕಿದ್ದು

ಹೊಗೆ ನೋಡಿದಾಗಲೇ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಅಂದಾಜಾಯಿತು. ಹಾಗಂತ ನೇರವಾಗಿ ಹೆಡ್ ಬಿಚ್ಚಬಾರದು. ಗ್ಯಾಸ್ಕೆಟ್ ಯಾಕೆ ಹೋಯಿತು ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಎಷ್ಟೋ ಗಾಡಿಗಳು ಒಂದೇ ಬೇಸಿಗೆಯಲ್ಲಿ ಎರಡು ಸಲ ಹೆಡ್ ಕೆಲಸಕ್ಕೆ ಬರುವುದು ಇದೇ ಕಾರಣಕ್ಕೆ.

ಮೊದಲು ತಣ್ಣಗಿದ್ದಾಗಲೇ ಪ್ರೆಷರ್ ಟೆಸ್ಟ್. ಕೂಲಂಟ್ ಬಾಟಲಿಯ ಬಾಯಿಗೆ ಕೈಪಂಪು ಕೂರಿಸಿ 1.1 ಬಾರ್ ಒತ್ತಡ ಕೊಟ್ಟೆವು. ಮುಳ್ಳು ನಿಲ್ಲಲಿಲ್ಲ, ಇಳಿಯುತ್ತಾ ಹೋಯಿತು. ರೇಡಿಯೇಟರ್‌ನ ಪಕ್ಕದ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಸೇರುವ ಜಾಗದಲ್ಲಿ ಹನಿ ಹನಿಯಾಗಿ ನೀರು ಬಂತು. ಆ ಜಾಗದಲ್ಲಿ ಮೊದಲಿಂದಲೂ ಬಿಳಿ ಪುಡಿಯ ಕಲೆ ಕಟ್ಟಿತ್ತು. ಅಂದರೆ ಸೋರಿಕೆ ಹೊಸದಲ್ಲ. ನೆಲಕ್ಕೆ ಬೀಳದಷ್ಟು ಸಣ್ಣದು, ಬಿಸಿ ಕೋರಿನ ಮೇಲೆ ಅಲ್ಲೇ ಆರಿ ಹೋಗುತ್ತಿತ್ತು. ಗಾಡಿ ನಿಂತ ಜಾಗದಲ್ಲಿ ಒದ್ದೆ ಕಾಣದಿದ್ದರೆ ಸೋರಿಕೆ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಕಲೆಯನ್ನು ಹುಡುಕಬೇಕು. ಬಾನೆಟ್ ಎತ್ತಿದಾಗ ಸಿಹಿ ವಾಸನೆ ಬಂದರೂ ಅನುಮಾನ ಪಡಬೇಕು.

ಆಮೇಲೆ ಕ್ಯಾಪ್. 1.1 ಬಾರ್ ಹಿಡಿಯಬೇಕಾದ ಕ್ಯಾಪ್ 0.4ಕ್ಕೇ ಬಿಟ್ಟುಕೊಟ್ಟಿತು. ಒಳಗಿನ ರಬ್ಬರ್ ವಾಷರ್ ಕಲ್ಲಿನಂತೆ ಗಟ್ಟಿಯಾಗಿತ್ತು. ಕ್ಯಾಪ್ ಅಂದರೆ ಬರೀ ಮುಚ್ಚಳ ಅಂತ ಜನ ತಿಳಿದಿದ್ದಾರೆ. ಅದು ಒತ್ತಡ ಹಿಡಿಯುವ ವಾಲ್ವ್. 1.1 ಬಾರ್ ಒತ್ತಡದಲ್ಲಿ ಬರೀ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ಕೂಲಂಟ್ ಅರ್ಧಕ್ಕರ್ಧ ಬೆರೆತಿದ್ದರೆ 130ರ ಹತ್ತಿರ. ಒತ್ತಡ 0.4ಕ್ಕೆ ಇಳಿದರೆ ಬರೀ ನೀರು 110ಕ್ಕೇ ಕುದಿಯುತ್ತದೆ. ಸುಮಾರು ಹತ್ತು ಡಿಗ್ರಿಯ ರಕ್ಷಣೆ ಕೆಲವು ನೂರು ರೂಪಾಯಿಯ ಒಂದು ಕ್ಯಾಪಿನಲ್ಲಿ ಹೋಯಿತು.

ರೇಡಿಯೇಟರ್ ಫ್ಯಾನ್ ನೋಡಿದೆವು. ಎಸಿ ಆನ್ ಮಾಡಿದರೆ ಸ್ಲೋ ಸ್ಪೀಡಿನಲ್ಲಿ ತಿರುಗಬೇಕು. ತಿರುಗಲಿಲ್ಲ. ಇಂಜಿನ್ ತುಂಬಾ ಬಿಸಿಯಾದಾಗ ಬರುವ ಹೈ ಸ್ಪೀಡ್ ಮಾತ್ರ ಕೆಲಸ ಮಾಡುತ್ತಿತ್ತು. ಈ ತರಹದ ಗಾಡಿಗಳಲ್ಲಿ ಸ್ಲೋ ಸ್ಪೀಡಿಗೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟಿತ್ತು. ಫೆಬ್ರವರಿಯಿಂದ ಸಿಗ್ನಲ್‌ನಲ್ಲಿ ಎಸಿ ತಂಪಾಗದೆ ಇದ್ದದ್ದಕ್ಕೆ ಇದೇ ಕಾರಣ. ನಿಂತ ಗಾಡಿಯಲ್ಲಿ ಎಸಿಯ ಬಿಸಿ ಹೊರಬಿಡುವ ಕಂಡೆನ್ಸರ್‌ಗೆ ಗಾಳಿ ಕೊಡಬೇಕಾದದ್ದು ಫ್ಯಾನ್ ಒಂದೇ. ಗಾಡಿ ಓಡತೊಡಗಿದರೆ ಎದುರು ಗಾಳಿ ಬರುತ್ತದೆ, ಎಸಿ ಸರಿಯಾಗುತ್ತದೆ.

"ಎರಡ್ ಸಲ ಗ್ಯಾಸ್ ಹಾಕಿಸೀನ್ರೀ, ಆದ್ರೂ ನಿಂತಾಗ ತಂಪ ಆಗವಲ್ದು," ಅಂದಿದ್ದರು ಮಾಲೀಕರು. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಗ್ಯಾಸಿಗಿಂತ ಮೊದಲು ಫ್ಯಾನ್ ನೋಡಬೇಕು. ಎಸಿ ಮೆಕ್ಯಾನಿಕ್ಕಿಗೂ ಇಂಜಿನ್ ಮೆಕ್ಯಾನಿಕ್ಕಿಗೂ ಮಾತುಕತೆ ಇಲ್ಲದ ಕಡೆ ಈ ಸೂಚನೆ ನಡುವೆ ಬಿದ್ದು ಹೋಗುತ್ತದೆ. ನನಗೆ ಬಹಳ ಬೇಸರ ತರುವ ವಿಷಯ ಇದು. ಎಸಿ ಹೇಳುವ ಮಾತು ಇಂಜಿನ್ನಿನ ಬಗ್ಗೆಯೂ ಇರುತ್ತದೆ.

ಆದರೆ ಇಂಜಿನ್ ಕುದಿದದ್ದು ಟ್ರಾಫಿಕ್‌ನಲ್ಲಲ್ಲ, ಹೈವೇಯಲ್ಲಿ. ಅಲ್ಲಿ ಫ್ಯಾನಿನ ಕೆಲಸ ಕಮ್ಮಿ. ನಿಂತಾಗ ಮಾತ್ರ ಬಿಸಿಯಾದರೆ ಫ್ಯಾನ್ ಕಡೆ ನೋಡಿ. ಲೋಡ್ ಹಾಕಿ ಓಡುವಾಗ ಬಿಸಿಯಾದರೆ ರೇಡಿಯೇಟರ್ ಕಡೆ ನೋಡಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಹುಡುಕಾಟ ಉಳಿಯುತ್ತದೆ. ಹಾಗಾಗಿ ಮುಂದೆ ರೇಡಿಯೇಟರ್ ಇಳಿಸಿದೆವು.

ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ತೊಗರಿ ಹೊಟ್ಟು ತುಂಬಿತ್ತು. ಕೈ ಹಾಕಿದರೆ ಮುಷ್ಟಿ ಮುಷ್ಟಿ ಬಂತು. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ತೊಗರಿ ರಾಶಿ. ಎಷ್ಟೋ ಹಳ್ಳಿ ರಸ್ತೆಗಳಲ್ಲಿ ಬೆಳೆಯನ್ನು ಡಾಂಬರಿನ ಮೇಲೇ ಹರಡಿರುತ್ತಾರೆ, ಗಾಡಿಗಳು ಅದರ ಮೇಲೆ ಹಾದುಹೋಗುತ್ತವೆ. ಹೊಟ್ಟು ಗ್ರಿಲ್ಲಿನೊಳಗೆ ನುಗ್ಗುತ್ತದೆ, ಮೇಲೆ ಧೂಳು ಕೂರುತ್ತದೆ, ಒಂದಿಷ್ಟು ಎಣ್ಣೆ ಜಿಡ್ಡು ಸೇರಿದರೆ ಚಾಪೆಯಾಗಿ ಹೆಪ್ಪುಗಟ್ಟುತ್ತದೆ. ಮುಂದಿನಿಂದ ಬಗ್ಗಿ ನೋಡಿದರೆ ಕಂಡೆನ್ಸರ್ ಚೆನ್ನಾಗಿಯೇ ಕಾಣುತ್ತದೆ. ಕಸ ಅದರ ಹಿಂದೆ ಇರುತ್ತದೆ. ವಾಟರ್ ಸರ್ವಿಸ್‌ನಲ್ಲಿ ಜೋರಾಗಿ ನೀರು ಹೊಡೆದರೆ ಹೋಗುವುದಿಲ್ಲ. ಫಿನ್‌ಗಳು ಮಡಚಿ ಇನ್ನೂ ಕೆಡುತ್ತವೆ ಅಷ್ಟೇ.

ನೀರಿನ ವಿಷಯ

ರೇಡಿಯೇಟರ್‌ನ ಪಕ್ಕದ ಟ್ಯಾಂಕನ್ನು ಕಳಚಿ ಟ್ಯೂಬುಗಳ ಬಾಯಿ ನೋಡಿದೆವು. ಮೂರರಲ್ಲಿ ಒಂದು ಟ್ಯೂಬಿನ ಬಾಯಿ ಬಿಳಿ ಕಲ್ಲಿನಿಂದ ಮುಚ್ಚಿತ್ತು. ಉಳಿದವುಗಳ ಒಳಮೈಗೂ ಪದರ. ಸ್ಕ್ರೂಡ್ರೈವರ್ ತುದಿಯಿಂದ ಒಂದು ಚೂರು ಕೆರೆದು ಬೆಂಚಿನ ಮೇಲಿಟ್ಟು ಅದರ ಮೇಲೆ ನಿಂಬೆ ರಸ ಹಿಂಡಿದೆವು. ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬಂತು. ಸುಣ್ಣ. ಮಾಲೀಕರು ಬಗ್ಗಿ ನೋಡುತ್ತಾ ನಿಂತಿದ್ದರು. ನಮ್ಮ ಅಂಗಡಿಯ ನೆಲಕ್ಕೆ ಹಾಕಿದ್ದು ಶಹಾಬಾದ್ ಕಲ್ಲು. ಅದರ ಮುರಿದ ಅಂಚಿನ ಮೇಲೂ ಒಂದು ಹನಿ ಹಾಕಿ ತೋರಿಸಿದೆವು. ಅಲ್ಲೂ ಅದೇ ಗುಳ್ಳೆ.

ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರ ಭಾಗದ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಫ್ಯಾಕ್ಟರಿಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಆ ಕಲ್ಲಿನ ನಡುವೆ ನಿಂತ ನೀರನ್ನೇ ಬೋರ್ ಎತ್ತಿ ಕೊಡುತ್ತದೆ. ಕುಡಿಯಲು ಆರ್‌ಒ ನೀರು ತರುತ್ತೇವೆ, ಗೀಸರ್ ಕಾಯಿಲ್ ಸುಣ್ಣ ಕಟ್ಟಿತು ಅಂತ ಬದಲಿಸುತ್ತೇವೆ. ರೇಡಿಯೇಟರ್‌ಗೆ ಮಾತ್ರ ಅದೇ ಬೋರ್ ನೀರು ಸುರಿಯುತ್ತೇವೆ. ಗಡಸು ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಸುಣ್ಣ ಹೊರಬಿದ್ದು ಲೋಹಕ್ಕೆ ಅಂಟುತ್ತದೆ. ಇಂಜಿನ್ನಿನಲ್ಲಿ ಅತಿ ಬಿಸಿ ಜಾಗ ಯಾವುದು? ಹೆಡ್ಡಿನೊಳಗೆ, ವಾಲ್ವುಗಳ ಸುತ್ತ. ಅಲ್ಲೇ ಪದರ ಮೊದಲು ಕಟ್ಟುವುದು. ಅಲ್ಯೂಮಿನಿಯಂಗೆ ಹೋಲಿಸಿದರೆ ಸುಣ್ಣದ ಪದರ ಶಾಖವನ್ನು ಸಾಗಿಸುವುದು ತೀರಾ ಕಮ್ಮಿ. ತೆಳ್ಳನೆ ಪದರವಿದ್ದರೂ ಲೋಹದ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ.

"ಕೂಲಂಟ್ ಹಾಕಿದ್ದೇ ಐತ್ರೀ. ಕಮ್ಮಿ ಆದಾಗ ಬರೀ ನೀರ್ ಹಾಕೀನಿ, ಮತ್ತೇನಿಲ್ಲ," ಅಂದರು. ನಿಜ. ಆದರೆ ಸೋರುವಾಗ ಹೋಗುವುದು ಕೂಲಂಟ್ ಬೆರೆತ ನೀರು, ತುಂಬಿದ್ದು ಬರೀ ಬೋರ್ ನೀರು. ತಿಂಗಳುಗಟ್ಟಲೆ ಹೀಗೆ ನಡೆದರೆ ಕೂಲಂಟ್ ಏನು ಉಳಿಯುತ್ತದೆ? ಬಾಟಲಿಯ ತಳದಲ್ಲಿ ಉಳಿದಿದ್ದ ಒಂದು ಹನಿಯನ್ನು ಕೂಲಂಟ್ ಎಷ್ಟು ಬೆರೆತಿದೆ ಅಂತ ತೋರಿಸುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದೆವು. ಗೆರೆ ಹೆಚ್ಚೂಕಮ್ಮಿ ಬರೀ ನೀರಿನ ಜಾಗದಲ್ಲೇ ನಿಂತಿತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೂಲಂಟ್ ಅಂದರೆ ಚಳಿ ದೇಶದವರಿಗೆ, ನಮಗ್ಯಾಕೆ ಅನ್ನುವವರು ಇನ್ನೂ ಇದ್ದಾರೆ. ಹೆಪ್ಪುಗಟ್ಟುವ ಚಿಂತೆ ನಮಗೆ ಇಲ್ಲ, ಸರಿ. ಆದರೆ ಕುದಿಯುವ ಬಿಂದುವನ್ನು ಅದು ಮೇಲಕ್ಕೆ ಒಯ್ಯುತ್ತದೆ. ಅದರಲ್ಲಿರುವ ರಾಸಾಯನಿಕಗಳು ಅಲ್ಯೂಮಿನಿಯಂ ತಿನ್ನದಂತೆ, ತುಕ್ಕು ಹಿಡಿಯದಂತೆ ಕಾಯುತ್ತವೆ. ಹಾಗಂತ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವುದೂ ತಪ್ಪು. ಶಾಖ ಹೊರುವುದರಲ್ಲಿ ಕೂಲಂಟಿನಲ್ಲಿರುವ ಗ್ಲೈಕಾಲ್‌ಗಿಂತ ನೀರೇ ಮೇಲು. ನೀರು ಬೆರೆಸದೆ ಬರೀ ಕಾನ್ಸಂಟ್ರೇಟ್ ತುಂಬಿದ ಗಾಡಿ ಬೇಸಿಗೆಯಲ್ಲಿ ಇನ್ನೂ ಬೇಗ ಬಿಸಿಯಾಗುತ್ತದೆ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಯನ್ನೇ ಹಿಡಿಯಿರಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಇಲ್ಲವೇ ರೆಡಿಯಾಗಿ ಬೆರೆಸಿದ ಪ್ರೀಮಿಕ್ಸ್ ತನ್ನಿ. ಬಣ್ಣ ನೋಡಿ ಕೂಲಂಟ್ ತರಬೇಡಿ. ಹಸಿರು, ಕೆಂಪು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬೇರೆ ಬೇರೆ ಜಾತಿಯವು ಬೆರೆತರೆ ಕೆಲವೊಮ್ಮೆ ಗಸಿಯಂತೆ ಗಟ್ಟಿಯಾಗುತ್ತವೆ. ಡಬ್ಬಿಯ ಮೇಲಿನ ಸ್ಪೆಸಿಫಿಕೇಶನ್ ಓದಿ.

ಇಲ್ಲದ ಥರ್ಮೋಸ್ಟಾಟ್

ಹೌಸಿಂಗ್ ಬಿಚ್ಚಿದಾಗ ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಇನ್ನೊಂದು ಕಡೆ ತೆಗೆಸಿದ್ದರು. ಬಿಸಿಲು ನಾಡಿಗೆ ಇದು ಬೇಡ, ತೆಗೆದರೆ ಇಂಜಿನ್ ಕೂಲಾಗಿರುತ್ತದೆ ಅಂತ ಯಾರೋ ಹೇಳಿದ್ದರಂತೆ. ಈ ಸಲಹೆ ನಮ್ಮ ಭಾಗದಲ್ಲಿ ಎಷ್ಟು ಹರಡಿದೆ ಅಂದರೆ, ಹೊಸದು ಹಾಕಿ ಅಂದರೆ ಜನ ಅನುಮಾನದಿಂದ ನೋಡುತ್ತಾರೆ.

ಥರ್ಮೋಸ್ಟಾಟ್ 82ರಿಂದ 88 ಡಿಗ್ರಿಯ ಹತ್ತಿರ ತೆರೆಯುತ್ತದೆ. ಅಲ್ಲಿಯವರೆಗೆ ನೀರನ್ನು ಇಂಜಿನ್ನಿನೊಳಗೇ ಸುತ್ತಿಸಿ ಬೇಗ ಬಿಸಿ ಮಾಡುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಅದಕ್ಕೆ ಎರಡನೇ ಕೆಲಸವೂ ಇದೆ. ರೇಡಿಯೇಟರ್ ದಾರಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಮತ್ತೆ ಇಂಜಿನ್ನಿಗೇ ಮರಳುತ್ತದೆ. ಅಂದರೆ ಬೇಸಿಗೆಯಲ್ಲಿ ಸಹಾಯಕ್ಕಿಂತ ಕೇಡೇ ಜಾಸ್ತಿ.

ಈ ಗಾಡಿಯಲ್ಲಿ ಅದು ಇನ್ನೊಂದು ಕೇಡೂ ಮಾಡಿತು. ಡಿಸೆಂಬರ್, ಜನವರಿಯಲ್ಲಿ ಮುಳ್ಳು ಮಧ್ಯಕ್ಕೂ ಬರುತ್ತಿರಲಿಲ್ಲವಂತೆ. ಇಂಜಿನ್ ಒಳ್ಳೆ ಕೂಲಾಗಿದೆ ಅಂತ ಮಾಲೀಕರಿಗೆ ಖುಷಿ. ಅದೇ ಹೊತ್ತಿಗೆ ಮೈಲೇಜ್ ಬಿದ್ದಿತ್ತು. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ತಿಳಿದು ಕಂಪ್ಯೂಟರ್ ಡೀಸೆಲ್ ಜಾಸ್ತಿ ಕೊಡುತ್ತಿತ್ತು. ಅದನ್ನು ಇವರು ಬಂಕಿನ ಡೀಸೆಲ್ ಸರಿ ಇಲ್ಲ ಅಂತ ತೆಗೆದುಕೊಂಡರು. ಅರ್ಧ ಕಟ್ಟಿದ ರೇಡಿಯೇಟರ್ ಇಡೀ ಚಳಿಗಾಲ ಈ ತಣ್ಣನೆ ಮುಳ್ಳಿನ ಹಿಂದೆ ಅಡಗಿ ಕುಳಿತಿತು.

ಬೇಸಿಗೆಯ ಲೆಕ್ಕ

ಡಿಸೆಂಬರ್‌ನಲ್ಲಿ ನಡೆದ ರೇಡಿಯೇಟರ್ ಮೇ ತಿಂಗಳಲ್ಲಿ ಯಾಕೆ ಸೋತಿತು? ಲೆಕ್ಕ ಸರಳ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಅನ್ನುವುದು ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಒಳಗೆ 95 ಡಿಗ್ರಿ, ಹೊರಗೆ 30 ಅಂದರೆ ಅಂತರ 65. ಹೊರಗೆ 43 ಆದರೆ ಅಂತರ 52. ಎಸಿ ಹಾಕಿದರೆ ಗಾಳಿ ಮೊದಲು ಕಂಡೆನ್ಸರ್ ಮೂಲಕ ಹಾದು ಇನ್ನಷ್ಟು ಬಿಸಿಯಾಗಿಯೇ ರೇಡಿಯೇಟರ್‌ಗೆ ಬರುತ್ತದೆ. ಹತ್ತು ಡಿಗ್ರಿ ಸೇರಿಸಿ ನೋಡಿ. ಅಂತರ 42. ಅದೇ ರೇಡಿಯೇಟರ್, ಅದೇ ಗಾಳಿಯ ವೇಗ, ಆದರೆ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಹೋಯಿತು. ಡಾಂಬರಿನ ಮೇಲಿನ ಗಾಳಿ ಹವಾಮಾನ ವರದಿಯ ಅಂಕಿಗಿಂತಲೂ ಬಿಸಿ.

ಹೊಸ ಗಾಡಿಯಲ್ಲಿ ಇದನ್ನೆಲ್ಲ ತಡೆಯುವಷ್ಟು ಮೀಸಲು ಶಕ್ತಿ ಇಟ್ಟೇ ಮಾಡಿರುತ್ತಾರೆ. ಆ ಮೀಸಲನ್ನೇ ಸುಣ್ಣ, ಹೊಟ್ಟು, ಸಡಿಲ ಕ್ಯಾಪ್ ಸೇರಿ ತಿಂದಿದ್ದವು. ಮೀಟರ್ ಇದನ್ನು ತೋರಿಸುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ನೀರು 80 ಇದ್ದರೂ, 100 ದಾಟಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಡ್ರೈವರ್ ಸುಮ್ನೆ ಗಾಬರಿ ಆಗಬಾರದು ಅಂತ. ಅದು ಅಲುಗಾಡಿತು ಅಂದರೆ ಸಮಯ ಆಗಲೇ ಮೀರಿದೆ. ಈಗ ಬರುವ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ದೀಪ ಮತ್ತು ಕೆಂಪು ದೀಪ ಅಷ್ಟೇ. ಗಾಡಿಯ ಕಂಪ್ಯೂಟರಿಗೆ ಸೇರುವ ಒಬಿಡಿ ಪೋರ್ಟಿಗೆ ಚುಚ್ಚುವ ಸಣ್ಣ ಬ್ಲೂಟೂತ್ ರೀಡರ್ ತಂದರೆ ಮೊಬೈಲ್‌ನಲ್ಲಿ ನಿಜವಾದ ಡಿಗ್ರಿ ಕಾಣುತ್ತದೆ. ಬಾಡಿಗೆ ಗಾಡಿ ಓಡಿಸುವವರು ಅದನ್ನು ತರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ದಿನಾ 92, 94 ತೋರಿಸುವ ಗಾಡಿ ಅದೇ ರಸ್ತೆಯಲ್ಲಿ 101 ತೋರಿಸಿದರೆ, ಮುಳ್ಳು ಅಲುಗಾಡುವ ಎಷ್ಟೋ ದಿನ ಮೊದಲೇ ನಿಮಗೆ ಗೊತ್ತಾಗುತ್ತದೆ.

ರಿಪೇರಿ

ಕೂಲಂಟ್ ಬಾಟಲಿಯ ಬಾಯಲ್ಲಿ ಬ್ಲಾಕ್ ಟೆಸ್ಟ್ ಮಾಡಿದೆವು. ನೀಲಿ ದ್ರವದ ಬಣ್ಣ ಬದಲಾಯಿತು. ಉರಿದ ಗ್ಯಾಸ್ ನೀರಿನೊಳಗೆ ಬರುತ್ತಿದೆ, ಗ್ಯಾಸ್ಕೆಟ್ ಹೋಗಿರುವುದು ಖಾತ್ರಿ. ಹೆಡ್ ಇಳಿಸಿ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದೆವು. ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ 0.15 ಮಿ.ಮೀ. ಎಲೆ ಹೋಯಿತು. ಕಂಪನಿ ಒಪ್ಪುವ ಮಿತಿಗಿಂತ ಜಾಸ್ತಿ. ಅದೃಷ್ಟಕ್ಕೆ ಸೀಳು ಇರಲಿಲ್ಲ. ಲೇಥಿಗೆ ಕಳಿಸಿ, ಬಿಸಿ ನೀರಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ, ಮಿತಿಯೊಳಗೆ ಫೇಸಿಂಗ್ ಮಾಡಿಸಿದೆವು. ಡೀಸೆಲ್ ಇಂಜಿನ್ನಿಗೆ ಗ್ಯಾಸ್ಕೆಟ್ ಸಿಕ್ಕಿದ್ದು ಹಾಕುವ ಹಾಗಿಲ್ಲ. ಪಿಸ್ಟನ್ ಬ್ಲಾಕಿನ ಮೇಲೆ ಎಷ್ಟು ಬರುತ್ತದೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು, ಅದಕ್ಕೆ ತಕ್ಕ ದಪ್ಪದ್ದನ್ನೇ ಹಾಕಬೇಕು. ಹೆಡ್ ಬೋಲ್ಟುಗಳೂ ಹೊಸವು, ಹಳೆಯವು ಒಮ್ಮೆ ಎಳೆದು ಉದ್ದವಾಗಿರುತ್ತವೆ.

ಹೊಸ ರೇಡಿಯೇಟರ್, ಕ್ಯಾಪ್, ಥರ್ಮೋಸ್ಟಾಟ್, ಫ್ಯಾನ್ ರೆಸಿಸ್ಟರ್, ಮೇಲಿನ ಹೋಸು. ಬ್ಲಾಕಿನೊಳಗಿನ ಸುಣ್ಣಕ್ಕೆ ಫ್ಲಶ್ ಹಾಕಿ, ಹೊರಬರುವ ನೀರು ತಿಳಿಯಾಗುವವರೆಗೂ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದೆವು. ಹಳೇ ರೇಡಿಯೇಟರನ್ನೇ ಆಸಿಡ್ ಹಾಕಿ ತೊಳೆಯಬಹುದಲ್ಲ ಅಂತ ಮಾಲೀಕರು ಕೇಳಿದರು. ಹಿತ್ತಾಳೆ, ತಾಮ್ರದ ಹಳೇ ರೇಡಿಯೇಟರ್ ಕಾಲದಲ್ಲಿ ಟ್ಯೂಬಿನೊಳಗೆ ರಾಡ್ ಹೊಡೆದು ಸುಣ್ಣ ತೆಗೆಯುತ್ತಿದ್ದರು, ಅದು ನಡೆಯುತ್ತಿತ್ತು. ಅಲ್ಯೂಮಿನಿಯಂ ಟ್ಯೂಬನ್ನು ಜೋರು ಆಸಿಡ್ ತಿಂದು ಹಾಕುತ್ತದೆ.

ನೀರು ತುಂಬುವಾಗ ಗಾಳಿ ತೆಗೆಯುವ ಕೆಲಸಕ್ಕೆ ಹೊತ್ತು ಕೊಟ್ಟೆವು. ಗಾಡಿಯ ಮುಂಭಾಗ ಎತ್ತರಿಸಿ, ಹೀಟರ್ ಬಿಸಿ ಕಡೆ ತಿರುಗಿಸಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವವರೆಗೂ ಬಿಟ್ಟೆವು. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವುದನ್ನು ನೋಡಿಯೇ ಕ್ಯಾಪ್ ಹಾಕಿದ್ದು. ಒಳಗೆ ಗಾಳಿ ಉಳಿದರೆ ಹೊಸ ಗ್ಯಾಸ್ಕೆಟ್ ಮೊದಲ ವಾರದಲ್ಲೇ ಹೋಗಬಹುದು.

ಒಟ್ಟು ಖರ್ಚು ಹತ್ತಾರು ಸಾವಿರ. ಅದರ ಮೇಲೆ ಮದುವೆ ಸೀಸನ್‌ನಲ್ಲಿ ಬಾಡಿಗೆ ಇಲ್ಲದೆ ಗಾಡಿ ನಿಂತಿತು. ಬೇಸಿಗೆಯೇ ಇವರ ದುಡಿಮೆಯ ಕಾಲ.

ಮಾರ್ಚ್ ಮುಗಿಯುವುದರೊಳಗೆ

ಹೋಳಿ ಮುಗಿದು ಬಿಸಿಲು ಏರುವ ಮೊದಲು ಒಂದು ಬೆಳಿಗ್ಗೆ ಇದಕ್ಕೆ ಕೊಡಿ. ಗಾಡಿ ತಣ್ಣಗಿದ್ದಾಗ ಕೂಲಂಟ್ ಬಾಟಲಿ ನೋಡಿ. ಮಟ್ಟ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟು ಎರಡು ವಾರದ ನಂತರ ಮತ್ತೆ ನೋಡಿ. ಇದು ಮುಚ್ಚಿದ ವ್ಯವಸ್ಥೆ. ಮತ್ತೆ ಮತ್ತೆ ತುಂಬಬೇಕಾಗುತ್ತಿದೆ ಅಂದರೆ ಎಲ್ಲೋ ಹೋಗುತ್ತಿದೆ. ಇಂಜಿನ್ ಕುಡಿಯುತ್ತದೆ ಅನ್ನುವ ಮಾತು ನಂಬಬೇಡಿ. ರಾತ್ರಿಯಿಡೀ ನಿಂತ ಗಾಡಿಯ ಮೇಲಿನ ಹೋಸನ್ನು ಬೆಳಿಗ್ಗೆ ಹಿಸುಕಿ. ಮೆತ್ತಗಿರಬೇಕು. ತಣ್ಣಗಿದ್ದರೂ ಗಟ್ಟಿಯಾಗಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಬರಬೇಕು.

ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ಫ್ಯಾನ್ ತಿರುಗುತ್ತಿದೆಯಾ ನೋಡಿ. ಕೈ ದೂರ ಇರಲಿ, ಅದು ಯಾವಾಗ ಬೇಕಾದರೂ ಶುರುವಾಗುತ್ತದೆ. ಕ್ಯಾಪನ್ನು ಮೆಕ್ಯಾನಿಕ್ ಹತ್ತಿರ ಟೆಸ್ಟ್ ಮಾಡಿಸಿ. ಟೆಸ್ಟರ್ ಇಲ್ಲದಿದ್ದರೆ ಹೊಸದೇ ಹಾಕಿ, ಹಳೆಯದರ ಮೇಲೆ ಬರೆದ ಬಾರ್ ಅಂಕಿಯದ್ದೇ ಇರಲಿ. ತೊಗರಿ ರಾಶಿ ರಸ್ತೆಗಳಲ್ಲಿ ಓಡಿದ ಗಾಡಿಯಾದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿಸಿ, ಇಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣ ಒತ್ತಡದ ಗಾಳಿ ಹೊಡೆಸಿ.

ಇಷ್ಟಾದರೂ ರಸ್ತೆಯಲ್ಲಿ ಮುಳ್ಳು ಏರಿದರೆ ಮೊದಲು ಎಸಿ ಆಫ್. ಕಿಟಕಿ ಇಳಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. 43 ಡಿಗ್ರಿಯಲ್ಲಿ ಇದು ಹಿಂಸೆಯೇ, ಆದರೆ ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರ್. ಅದು ನಿಲ್ಲಿಸುವ ಜಾಗದವರೆಗೆ ತಲುಪಲು ಅಷ್ಟೇ. ಕೆಂಪು ಮುಟ್ಟಿದರೆ, ಹಬೆ ಕಂಡರೆ, ಮುಳ್ಳು ದಿಢೀರನೆ ಬಿದ್ದರೆ ಅಲ್ಲೇ ಬಂದ್ ಮಾಡಿ. ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸು ಮುಟ್ಟುವಷ್ಟು ತಣ್ಣಗಾದ ಮೇಲೆಯೇ ಕ್ಯಾಪ್. ನೀರು ಸ್ವಲ್ಪ ಸ್ವಲ್ಪವಾಗಿ. ಕುಡಿಯುವ ಆರ್‌ಒ ನೀರು ಕೈಯಲ್ಲಿದ್ದರೆ ಅದನ್ನೇ ಹಾಕಿ, ಊರು ಮುಟ್ಟಿದ ಮೇಲೆ ಪೂರ್ತಿ ತೆಗೆಸಿ ಕೂಲಂಟ್ ತುಂಬಿಸಿ. ಮದುವೆ ಮುಹೂರ್ತ, ಬಸ್ಸು, ಆಸ್ಪತ್ರೆ ಅಂತ ಹಿಂದೆ ಕೂತವರು ಅವಸರ ಮಾಡುತ್ತಾರೆ. ಅವರಿಗೆ ಬೇರೆ ಗಾಡಿ ಹಿಡಿದುಕೊಡುವ ಖರ್ಚು ಹೆಡ್ ಕೆಲಸದ ಮುಂದೆ ಏನೂ ಅಲ್ಲ.

ಗಾಡಿ ಕೊಡುವಾಗ ಪ್ರೀಮಿಕ್ಸ್ ಕೂಲಂಟಿನ ಒಂದು ಲೀಟರ್ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಕಳಿಸಿದೆವು, ಇನ್ನು ಇದನ್ನು ಬಿಟ್ಟು ಬೇರೇನೂ ಹಾಕಬೇಡಿ ಅಣ್ಣಾ ಅಂತ ಹೇಳಿ. ಸಾವಿರ ಕಿಲೋಮೀಟರ್ ಆದ ಮೇಲೆ ಬಂದಾಗ ಮಟ್ಟ ಇದ್ದಲ್ಲೇ ಇತ್ತು. ಸಿಗ್ನಲ್‌ನಲ್ಲೂ ಎಸಿ ತಂಪಾಗಿತ್ತು, ಗ್ಯಾಸ್ ಮುಟ್ಟದೆಯೇ.

ಕೂಲಂಟನ್ನು ಮನೆಯಲ್ಲೇ ಬದಲಿಸುವವರು ಒಂದು ವಿಷಯ ದಯವಿಟ್ಟು ನೆನಪಿಡಿ. ಇಳಿಸಿದ ಹಳೇ ಕೂಲಂಟನ್ನು ಚರಂಡಿಗೆ, ಅಂಗಳಕ್ಕೆ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮತ್ತು ಅದು ವಿಷ. ಬೇಸಿಗೆಯಲ್ಲಿ ನೀರಿಗೆ ಅಲೆಯುವ ನಾಯಿ, ದನಗಳು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಡಬ್ಬಿಯಲ್ಲಿ ಹಿಡಿದು, ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೇ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೇಳಿ ಕೊಡಿ. ಆಯಿಲ್ ಜೊತೆ ಮಾತ್ರ ಬೆರೆಸಬೇಡಿ.